ಶ್ರೀ ವ್ಯಾಸರಾಯರೂ ಪ್ರಮಾಣವಿಚಾರವೂ

ಬೆಂಗಳೂರಿನಿಂದ ಕೆಂಗೇರಿಯ ಕಡೆಗೆ ಸಾಗುವ ಮೈಸೂರು ರಸ್ತೆಯಲ್ಲಿ, ಬ್ಯಾಟರಾಯನಪುರದ ಗಾಳಿ ಆಂಜನೇಯಸ್ವಾಮಿಯ ಗುಡಿಯನ್ನರಿಯದ ನಗರವಾಸಿಗಳು ವಿರಳ. ಅಲ್ಲಿಯ ಮೂರ್ತಿಯನ್ನು ಪ್ರತಿಷ್ಠಿಸಿದವರು ಶ್ರೀ ವ್ಯಾಸರಾಯರೆಂದು ಪ್ರತೀತಿಯುಂಟು. ನಾಡಿನಾದ್ಯಂತ 732 ಆಂಜನೇಯ ಮೂರ್ತಿಗಳನ್ನು ಅವರು ಸ್ಥಾಪಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಜನರು ಅವರನ್ನು ಬಲ್ಲುದು ಹೀಗೆ. ಆದರೆ ಮನುಷ್ಯನು ಒಂದು ಮಾತನ್ನು ನಿಜವೆಂದು ಸ್ವೀಕರಿಸಲು ಏನು ಆಧಾರವೆಂಬ ಕಠಿಣವಾದ ಪ್ರಶ್ನೆಯನ್ನು ಅತ್ಯಂತ ಸೂಕ್ಷ್ಮವಾಗಿ ವಿಮರ್ಶಿಸಿದ ತಾರ್ಕಿಕರಲ್ಲಿ ಅವರೊಬ್ಬರೆಂಬುದನ್ನು ಬಲ್ಲವರು ಕೆಲವರೇ.

ಬನ್ನೂರಿನಲ್ಲಿ 1460ರ ಸುಮಾರಿಗೆ ಜನಿಸಿದ ವ್ಯಾಸರಾಯರು, ಚನ್ನಪಟ್ಟಣದ ಬಳಿಯ ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಎಳೆವಯಸ್ಸಿನಲ್ಲಿಯೇ ಸಂನ್ಯಾಸವನ್ನು ಪಡೆದರು. ಕಂಚಿಯಲ್ಲಿ ಅನ್ಯದರ್ಶನಗಳನ್ನು ವ್ಯಾಸಂಗಮಾಡಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಸನ್ನಿಧಿಯಲ್ಲಿ ಶಾಸ್ತ್ರಾಧ್ಯಯನವನ್ನು ನಡೆಸಿದರು. ಚಂದ್ರಗಿರಿಯಲ್ಲಿ ಸಾಳುವ ನರಸಿಂಹನ ಆದರಕ್ಕೆ ಪಾತ್ರರಾದ ಇವರು, ಮುಂದೆ ವಿಜಯನಗರದಲ್ಲಿ ನೆಲೆಸಿ, 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಪರಮಗೌರವವನ್ನು ಪಡೆದರು. ಪುರಂದರದಾಸರು ಇವರ ಶಿಷ್ಯರು. ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವಗಳೆಂಬ ಇವರ ಮೂರು ಗ್ರಂಥಗಳು ವ್ಯಾಸತ್ರಯವೆಂದೇ ಪ್ರಸಿದ್ಧವಾಗಿವೆ.

ತರ್ಕತಾಂಡವದಲ್ಲಿ ಅವರು ಎದುರಿಸಿದುದು ನೈಯಾಯಿಕರನ್ನು. ದೂರದಲ್ಲಿ ನೀರು ಕಾಣುತ್ತದೆ. ಆ ತಿಳಿವಳಿಕೆಯು ನಿಜವೆಂದು ಗೊತ್ತಾಗುವುದು ಹೇಗೆ? ಹತ್ತಿರ ಹೋಗಿ ಕುಡಿದು ದಾಹವಾರಿದ ಮೇಲೆ ಊಹಿಸಿ ತಿಳಿಯಬೇಕೆಂಬುದು ನೈಯಾಯಿಕರ ಮತ. ಹಾಗಾದರೆ ದಾಹವಾರಿತೆಂಬ ತಿಳಿವಳಿಕೆಗೆ ಆಧಾರವೇನೆಂದು ಕೇಳಬೇಕಾಗುತ್ತದೆ. ಅದಕ್ಕೆ ಕೊಟ್ಟ ಆಧಾರಕ್ಕೂ ಮತ್ತೊಂದು ಬೇಕಾಗುತ್ತದೆ. ಒಬ್ಬ ಸಾಕ್ಷಿಯ ಮಾತಿಗೆ ಇನ್ನೊಬ್ಬನನ್ನೂ, ಅವನ ಮಾತಿಗೆ ಮತ್ತೊಬ್ಬನನ್ನೂ ಕರೆಯುತ್ತ ಹೋದರೆ ಯಾವ ನ್ಯಾಯಸ್ಥಾನವೂ ತೀರ್ಪು ಕೊಡಲಾರದಷ್ಟೆ. ಆದುದರಿಂದ, ಜ್ಞಾನದ ಪ್ರಾಮಾಣ್ಯವು ಸ್ವತಃಸಿದ್ಧವೆಂದೂ, ಆತ್ಮಸ್ವರೂಪವೇ ಆದ ಸಾಕ್ಷಿಯು ಅದನ್ನು ಗ್ರಹಿಸುತ್ತದೆಂದೂ, ಅಪ್ರಾಮಾಣ್ಯವು ಮಾತ್ರ ದೋಷದಿಂದಲೋ ಬಾಧಕದಿಂದಲೋ ಹೊರಗಿನಿಂದ ತಿಳಿದುಬರುತ್ತದೆಂದೂ ಅವರು ಮಧ್ವಸಿದ್ಧಾಂತವನ್ನು ಸಮರ್ಥಿಸಿದರು.

ಪ್ರಾಮಾಣ್ಯವು ತಾನಾಗಿಯೇ ತೋರುವುದಾದರೆ ಸಂಶಯವೇ ಹುಟ್ಟಬಾರದಲ್ಲವೆ ಎಂಬ ಆಕ್ಷೇಪವು ಸಹಜವಾದುದು. ಸಂಶಯವು ಸಾಕ್ಷಿಯ ಶಕ್ತಿಯನ್ನು ತಡೆಯುತ್ತದೆ. ಪರೀಕ್ಷೆಯು ಆ ತಡೆಯನ್ನು ನೀಗಿಸುತ್ತದೆ, ಸತ್ಯವನ್ನು ಹೊಸದಾಗಿ ಉಂಟುಮಾಡುವುದಿಲ್ಲವೆಂಬುದೇ ಅವರ ಸಮಾಧಾನ. ಇದು ಕುರುಡುನಂಬಿಕೆಯಲ್ಲ. ಕಾರಣವಿಲ್ಲದೆ ಸಂಶಯಪಡಬೇಕಾಗಿಲ್ಲ, ಕಾರಣವುಂಟಾದಲ್ಲಿ ಪರೀಕ್ಷಿಸದೆ ಬಿಡಲಾಗದು.

ಮೇಲೆ ಹೇಳಿದ ಗುಡಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ಪ್ರತಿಷ್ಠೆಯು ವ್ಯಾಸರಾಯರಿಂದ 1425ರಲ್ಲಿ ಆಯಿತೆಂದು ಹೇಳುವ ವಾಡಿಕೆಯುಂಟು. ಹಿರಿಯರ ಮಾತೆಂದು ಅದನ್ನು ಮೊದಲು ನಂಬಿದವನು ತಪ್ಪುಗಾರನಲ್ಲ. ಆದರೆ ಆ ವರ್ಷದಲ್ಲಿ ವ್ಯಾಸರಾಯರು ಜನಿಸಿಯೇ ಇರಲಿಲ್ಲವೆಂದು ತಿಳಿದೊಡನೆ ಬಾಧಕವು ಒದಗಿತು. ಎರಡನ್ನೂ ಒಟ್ಟಿಗೆ ನಂಬುವಂತಿಲ್ಲ. ಅಷ್ಟರಿಂದ ಅವರಿಗೂ ಗುಡಿಗೂ ಸಂಬಂಧವೇ ಇಲ್ಲವೆಂದು ಸಾರುವುದೂ ಆತುರವಾದೀತು. ಬಿದ್ದುದು ಇಸವಿಯೊಡನೆ ಹೆಣೆದ ಮಾತು. ಉಳಿದುದು ಬೇರೆ ಆಧಾರದಿಂದ ನಿರ್ಣಯವಾಗಬೇಕು. ಎಷ್ಟು ಬಿದ್ದಿತು, ಎಷ್ಟು ಉಳಿಯಿತು ಎಂಬುದನ್ನು ಅಳೆಯುವುದೇ ವಿವೇಕ.

ಪ್ರತಿಪಕ್ಷದ ವಿಷಯದಲ್ಲಿಯೂ ಅವರ ನಡತೆಯು ಅನುಕರಣೀಯ. ನ್ಯಾಯಾಮೃತದಲ್ಲಿ ಅದ್ವೈತಿಗಳ ವಾದಗಳನ್ನು ಒಂದೊಂದಾಗಿ ಮುಂದಿಟ್ಟೇ ಖಂಡಿಸಿದರು. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ಬರೆದು ಅದಕ್ಕೆ ಉತ್ತರವಿತ್ತರು; ಆ ಉತ್ತರಕ್ಕೆ ರಾಮಾಚಾರ್ಯರ ತರಂಗಿಣಿಯು ಪ್ರತ್ಯುತ್ತರವಾಯಿತು. ತಲೆಮಾರುಗಳವರೆಗೆ ನಡೆದ ಈ ವಾದದಿಂದ ಉಭಯಪಕ್ಷಗಳ ಬುದ್ಧಿಯೂ ಹರಿತವಾಯಿತು.

ವ್ಯಾಸರಾಯರು 1539ರಲ್ಲಿ ದೇಹವನ್ನು ಬಿಟ್ಟರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿ ಅವರ ವೃಂದಾವನವಿದೆ. ಅವರ ಮತವನ್ನು ಒಪ್ಪದವರೂ ಇಷ್ಟನ್ನು ಒಪ್ಪಬಹುದು: ಕೊನೆಯ ತೀರ್ಪನ್ನು ಕೊಡುವ ಸಾಕ್ಷಿಯು ಪ್ರತಿಯೊಬ್ಬನ ಒಳಗೇ ಇರುವುದಾದರೆ, ಪರೀಕ್ಷಿಸುವ ಹೊಣೆಯನ್ನು ಗುರುವಿಗಾಗಲಿ, ಅರಸನಿಗಾಗಲಿ, ಪತ್ರಿಕೆಗಾಗಲಿ ಒಪ್ಪಿಸಿ ನಾವು ನಿಶ್ಚಿಂತರಾಗಿರಲು ಬರುವುದಿಲ್ಲ.