ತ್ರಿಸ್ತಾಂವ್ ಬ್ರಗಾಂಸಾ ಕುನ್ಹಾ: ಧರ್ಮ, ಪ್ರಭುತ್ವ ಮತ್ತು ಗಡಿನಾಡು

ಗೋವಾ ವಿಮೋಚನೆಯನ್ನು ಕುರಿತ ಬರಹಗಳಲ್ಲಿ ಬೆಳಗಾವಿಯು ಸೇನೆ ಬೀಡುಬಿಟ್ಟ ನಗರವಾಗಿಯೂ ಖಾನಾಪುರ ತಾಲ್ಲೂಕು ಕೇವಲ ರೈಲುದಾರಿಯಾಗಿಯೂ ಕಾಣಿಸಿಕೊಳ್ಳುತ್ತವೆ. ಈ ಗಡಿಭಾಗದ ಕೊಂಕಣಿ ಭಾಷಿಕ ಕ್ರೈಸ್ತರು ಎದುರಿಸಬೇಕಾಗಿ ಬಂದ ನೈತಿಕ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತನ್ನನ್ನು ಧರ್ಮದ ರಕ್ಷಕನೆಂದು ಕರೆದುಕೊಳ್ಳುವ ಪ್ರಭುತ್ವವನ್ನು ಅದೇ ಧರ್ಮದವನು ವಿರೋಧಿಸಬಹುದೇ ಎಂಬುದೇ ಆ ಪ್ರಶ್ನೆ. ತ್ರಿಸ್ತಾಂವ್ ಬ್ರಗಾಂಸಾ ಕುನ್ಹಾ ಅವರ ಬದುಕನ್ನು ಈ ಹಿನ್ನೆಲೆಯಲ್ಲಿ ನೋಡುವುದು ಉಚಿತ.

ಕುನ್ಹಾ 1891ರ ಏಪ್ರಿಲ್ 2ರಂದು ದಕ್ಷಿಣ ಗೋವಾದ ಚಾಂದೋರಿನಲ್ಲಿ ಕ್ಯಾಥೊಲಿಕ್ ಮನೆತನವೊಂದರಲ್ಲಿ ಜನಿಸಿದರು. ಪಣಜಿ, ಪುದುಚೇರಿಗಳಲ್ಲಿ ಓದಿ, ಪ್ಯಾರಿಸ್ಸಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಶಿಕ್ಷಣ ಪಡೆದರು. ಅಲ್ಲಿದ್ದಾಗಲೇ ಭಾರತದ ಸ್ವಾತಂತ್ರ್ಯ ಚಳವಳಿಯನ್ನು ಫ್ರೆಂಚ್ ಓದುಗರಿಗೆ ಪರಿಚಯಿಸುವ ಬರವಣಿಗೆಯಲ್ಲಿ ತೊಡಗಿದ್ದರು. 1926ರಲ್ಲಿ ಗೋವಾಕ್ಕೆ ಮರಳಿ, 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿಯನ್ನು ಸ್ಥಾಪಿಸಿದರು. ಅಸ್ಸಾಮಿನ ಚಹಾತೋಟಗಳಿಗೆ ಸಾಗಿಸಲ್ಪಟ್ಟಿದ್ದ ಗೋವಾದ ಕುಣಬಿ ಕೂಲಿಕಾರರ ಪರವಾಗಿ ಅವರು ನಡೆಸಿದ ಹೋರಾಟದ ಫಲವಾಗಿ ಆ ಕೂಲಿಕಾರರು ಊರಿಗೆ ಹಿಂದಿರುಗುವಂತಾಯಿತು. ಅವರ ರಾಷ್ಟ್ರೀಯತೆ ಮೇಲ್ವರ್ಗದ ಅಭಿಮಾನವಷ್ಟೇ ಆಗಿರಲಿಲ್ಲವೆಂಬುದಕ್ಕೆ ಈ ಒಂದು ಪ್ರಸಂಗವೇ ಸಾಕು.

ಕುನ್ಹಾರ ಚಿಂತನೆಯ ತಿರುಳು 1944ರಲ್ಲಿ ಪ್ರಕಟವಾದ, ಗೋವನ್ನರ ನಿರ್ರಾಷ್ಟ್ರೀಕರಣವನ್ನು ಕುರಿತ ಅವರ ಕಿರುಹೊತ್ತಗೆಯಲ್ಲಿದೆ. 1560ರಲ್ಲಿ ಸ್ಥಾಪನೆಯಾಗಿ, ನಡುವೆ ಕೆಲಕಾಲ ನಿಂತು, 1812ರವರೆಗೆ ನಡೆದ ಧರ್ಮವಿಚಾರಣಾ ನ್ಯಾಯಾಲಯ, 1684ರ ಆಜ್ಞೆಯ ಮೂಲಕ ಕೊಂಕಣಿಯನ್ನು ಹತ್ತಿಕ್ಕಲು ನಡೆದ ಯತ್ನ, ಹೆಸರು ಮತ್ತು ಉಡುಗೆಗಳವರೆಗೂ ಚಾಚಿದ ಬಲವಂತ, ಇವೆಲ್ಲವುಗಳ ಪರಿಣಾಮವಾಗಿ ಗೋವಾದ ಕ್ರೈಸ್ತನು ತನ್ನ ನೆಲಕ್ಕೇ ಪರಕೀಯನಾದನೆಂಬುದು ಅವರ ವಾದ. ಈ ಟೀಕೆಯ ಗುರಿ ಜನರ ಶ್ರದ್ಧೆಯಾಗಿರದೆ, ಪ್ರಭುತ್ವಕ್ಕೂ ಚರ್ಚಿಗೂ ಇದ್ದ ಕೂಡಾವಳಿಯಾಗಿತ್ತು. 1940ರಲ್ಲಿ ಸಾಲಜಾರ್ ಆಡಳಿತವು ವ್ಯಾಟಿಕನ್ ಜೊತೆ ಮಾಡಿಕೊಂಡ ಒಪ್ಪಂದವು ಆ ನಂಟನ್ನು ಇನ್ನಷ್ಟು ಬಿಗಿಗೊಳಿಸಿತ್ತು. ಸಂತ ಅಗಸ್ಟೀನನಿಂದ ತೊಡಗಿ ಬೆಳೆದುಬಂದ ನ್ಯಾಯಯುದ್ಧದ ಸಿದ್ಧಾಂತವು ಆಳುವವನ ಅಧಿಕಾರಕ್ಕೆ ಪ್ರಾಶಸ್ತ್ಯವಿತ್ತಿತು. ಆಳಿಸಿಕೊಳ್ಳುವವನ ನ್ಯಾಯದ ಬಗೆಗೆ ಅದು ಹೇಳಿದ್ದು ಕಡಿಮೆ. ಕುನ್ಹಾ ದೇವತಾಶಾಸ್ತ್ರದ ಭಾಷೆಯಲ್ಲಿ ಬರೆದವರಲ್ಲ. ಆದರೂ ಅವರು ಎತ್ತಿದ ಪ್ರಶ್ನೆ ತಾಗಿದ್ದು ಅಲ್ಲಿಗೇ.

1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಅವರು ನಾಗರಿಕ ಹಕ್ಕುಗಳಿಗಾಗಿ ಸತ್ಯಾಗ್ರಹವನ್ನು ಆರಂಭಿಸಿದರು. ಮರುತಿಂಗಳು ಕುನ್ಹಾರ ಬಂಧನವಾಯಿತು. ಸೈನಿಕ ನ್ಯಾಯಾಲಯವು ಅವರಿಗೆ ಎಂಟು ವರ್ಷಗಳ ಶಿಕ್ಷೆ ವಿಧಿಸಿತು. ಅಗ್ವಾದ ಕೋಟೆಯ ಕತ್ತಲ ಕೋಣೆಯಿಂದ ಅವರನ್ನು ಪೋರ್ಚುಗಲ್ಲಿನ ಪೆನಿಷ್ ಕೋಟೆಗೆ ಸಾಗಿಸಲಾಯಿತು. ಹೋರಾಟದ ಕೇಂದ್ರ ಘಟ್ಟದ ಮೇಲಕ್ಕೆ ಸರಿದದ್ದು ಈ ಸಂದರ್ಭದಲ್ಲಿ. 1946ರ ಆಗಸ್ಟ್‌ನಲ್ಲಿ ಖಾನಾಪುರ ತಾಲ್ಲೂಕಿನ ಲೋಂಡಾದಲ್ಲಿ ಗೋವಾದ ರಾಷ್ಟ್ರೀಯವಾದಿಗಳು ಸಭೆ ಸೇರಿ ನ್ಯಾಷನಲ್ ಕಾಂಗ್ರೆಸ್ (ಗೋವಾ) ಸಂಘಟನೆಗೆ ರೂಪು ಕೊಟ್ಟರು. ಮರ್ಮಗೋವಾದಿಂದ ಘಟ್ಟ ಹತ್ತಿ ಬರುವ ರೈಲುಮಾರ್ಗ ಕೂಡುವ ಜಂಕ್ಷನ್ ಲೋಂಡಾ. ಪೋರ್ಚುಗೀಸ್ ಪೊಲೀಸರ ಕೈಗೆ ಎಟುಕದ, ಆದರೆ ಗೋವಾಕ್ಕೆ ತೀರ ಸಮೀಪದ ನೆಲೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಇದೇ ಮಾರ್ಗದ ಕೊಲೆಂ ನಿಲ್ದಾಣದಲ್ಲಿ ಲೋಹಿಯಾ ಮತ್ತೆ ಬಂಧಿತರಾದರು. ಕುನ್ಹಾ ಸೆರೆಯಲ್ಲಿದ್ದುದರಿಂದ ಲೋಂಡಾದ ಸಭೆಯನ್ನು ಕಾಣಲಿಲ್ಲ.

1953ರಲ್ಲಿ ಅವರು ಪೋರ್ಚುಗಲ್ಲಿನಿಂದ ತಪ್ಪಿಸಿಕೊಂಡು ಪ್ಯಾರಿಸ್ ಮೂಲಕ ಮುಂಬಯಿಗೆ ಬಂದರು. ಅಲ್ಲಿ ಗೋವಾ ಕ್ರಿಯಾಸಮಿತಿಯನ್ನು ಕಟ್ಟಿದರು. ‘ಫ್ರೀ ಗೋವಾ’ ಪತ್ರಿಕೆಯನ್ನು ಹೊರತಂದರು. ಅದೇ ವರ್ಷದ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅದುವರೆಗೆ ಈ ಭಾಗದ ಬಹುಪಾಲು ಕ್ಯಾಥೊಲಿಕರು ಗೋವಾ ಮಹಾಧರ್ಮಪ್ರಾಂತ್ಯಕ್ಕೆ ಒಳಪಟ್ಟಿದ್ದರು. ಭಾರತದಲ್ಲಿನ ಧರ್ಮಾಧ್ಯಕ್ಷರ ನೇಮಕದಲ್ಲಿ ಪೋರ್ಚುಗಲ್ಲಿಗಿದ್ದ ಹಕ್ಕು 1950ರ ಒಪ್ಪಂದದಿಂದ ಕೊನೆಗೊಂಡಿತ್ತು. ಖಾನಾಪುರದ ಹಳ್ಳಿಗಳ ಕ್ರೈಸ್ತರಿಗೆ ಇದು ಬರಿಯ ಆಡಳಿತದ ಬದಲಾವಣೆಯಾಗಿರಲಿಲ್ಲ. ತಾವು ನಡೆದುಕೊಳ್ಳುವ ಧರ್ಮವೂ ಲಿಸ್ಬನ್ನಿನ ಆಳ್ವಿಕೆಯೂ ಬೇರೆಬೇರೆ ಎಂಬುದನ್ನು ಚರ್ಚೇ ಒಪ್ಪಿದಂತಾಯಿತು. ಕುನ್ಹಾ ಬಹುಕಾಲದಿಂದ ಹೇಳುತ್ತಿದ್ದುದಾದರೂ ಇದನ್ನೇ. 1955ರ ಜುಲೈನಲ್ಲಿ ಹನ್ನೆರಡನೆಯ ಪಯಸ್ ಪೋಪರನ್ನು ಭೇಟಿಯಾದ ನೆಹರೂ, ಗೋವಾದ್ದು ರಾಜಕೀಯ ಪ್ರಶ್ನೆಯೇ ಹೊರತು ಧಾರ್ಮಿಕ ಪ್ರಶ್ನೆಯಲ್ಲವೆಂಬುದರಲ್ಲಿ ಪೋಪರಿಗೂ ಸಹಮತವಿದೆಯೆಂದು ತಿಳಿಸಿದರು.

ಸಾಧನದ ಪ್ರಶ್ನೆ ಮಾತ್ರ ಉಳಿದೇ ಇತ್ತು. ಗೋವಾದ ಕ್ಯಾಥೊಲಿಕರೇ ಆದ ಪೀಟರ್ ಆಲ್ವಾರಿಸ್ ಅವರ ನಾಯಕತ್ವದಲ್ಲಿ ನ್ಯಾಷನಲ್ ಕಾಂಗ್ರೆಸ್ (ಗೋವಾ) ಬೆಳಗಾವಿಯನ್ನು ನೆಲೆಯಾಗಿಸಿಕೊಂಡು ಅಹಿಂಸೆಯ ದಾರಿ ಹಿಡಿಯಿತು. ಆಜಾದ್ ಗೋಮಾಂತಕ ದಳವು ಆಯುಧ ಹಿಡಿಯಿತು. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಮರುತಿಂಗಳು ಭಾರತ ಸರ್ಕಾರವೇ ಸತ್ಯಾಗ್ರಹವನ್ನು ತಡೆಯಿತು. ಕ್ರೈಸ್ತ ನಾಗರಿಕತೆಯ ಹೆಸರಿನಲ್ಲಿ ನಿರಾಯುಧರ ಮೇಲೆ ಗುಂಡು ಹಾರಿಸಿದ ಪ್ರಭುತ್ವದ ಮುಂದೆ ಅಹಿಂಸೆಗೆ ಎಷ್ಟು ಅವಕಾಶವಿತ್ತೆಂಬುದನ್ನು ಹೋರಾಟಗಾರರು ತಮ್ಮತಮ್ಮಲ್ಲೇ ವಾದಿಸಬೇಕಾಯಿತು. ಕುನ್ಹಾರ ಆಯುಧ ಕೊನೆಯವರೆಗೂ ಲೇಖನಿಯೇ ಆಗಿತ್ತು.

1958ರ ಸೆಪ್ಟೆಂಬರ್ 26ರಂದು ಅವರು ಮುಂಬಯಿಯಲ್ಲಿ ನಿಧನರಾದರು. ಮರುವರ್ಷ ಸ್ಟಾಕ್‌ಹೋಮ್‌ನಲ್ಲಿ ವಿಶ್ವಶಾಂತಿ ಪರಿಷತ್ತು ಅವರಿಗೆ ಮರಣೋತ್ತರವಾಗಿ ಚಿನ್ನದ ಪದಕವನ್ನಿತ್ತಿತು. ಮೂರು ವರ್ಷಗಳ ತರುವಾಯ, 1961ರ ಡಿಸೆಂಬರಿನಲ್ಲಿ, ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್ ಅವರ ಅಧೀನದ 17ನೆಯ ಪದಾತಿ ವಿಭಾಗವು ಬೆಳಗಾವಿಯಲ್ಲಿ ಜಮಾವಣೆಗೊಂಡು, 18ರ ಬೆಳಗಿನ ಜಾವ ಗೋವಾವನ್ನು ಪ್ರವೇಶಿಸಿತು. 19ರಂದು ಪೋರ್ಚುಗೀಸ್ ಗವರ್ನರ್ ಜನರಲ್ ಶರಣಾದನು.