ನ್ಯಾಯಪೀಠದ ಆಚೆಗೂ ನ್ಯಾಯ: ಸರ್ ನಾರಾಯಣ ಗಣೇಶ ಚಂದಾವರಕರ

ಮಾನವ ಹಕ್ಕುಗಳೆಂಬ ಮಾತು ಇಂದು ನಮ್ಮ ಶಾಲೆಯ ಮಕ್ಕಳಿಗೂ ಪರಿಚಿತವಾಗಿದೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1993ರಲ್ಲಿ ಸ್ಥಾಪಿತವಾಯಿತು. ಕನ್ನಡ ನಾಡಿನವರಾದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರೂ ನ್ಯಾಯಮೂರ್ತಿ ಎಸ್. ರಾಜೇಂದ್ರಬಾಬು ಅವರೂ ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಆದರೆ ಇಂಥ ಆಯೋಗದ ಕಲ್ಪನೆಯೂ ಇಲ್ಲದಿದ್ದ ಕಾಲದಲ್ಲಿ, ಕನ್ನಡ ಕರಾವಳಿಯಿಂದ ಮುಂಬಯಿಗೆ ಬಂದ ಒಬ್ಬರು ಇದೇ ನಗರದ ಹೈಕೋರ್ಟಿನ ನ್ಯಾಯಾಧೀಶರಾಗಿ, ದೀನದಲಿತರ ಪರವಾಗಿಯೂ ದುಡಿದರು. ಅವರೇ ಸರ್ ನಾರಾಯಣ ಗಣೇಶ ಚಂದಾವರಕರರು. ಅವರ ಜೀವಿತವನ್ನು ಸಂಕ್ಷೇಪವಾಗಿ ಅರಿಯುವುದು ನಮಗೆಲ್ಲ ಹಿತಕರವು.

ಚಂದಾವರಕರರು 1855ನೆಯ ಇಸವಿಯ ಡಿಸೆಂಬರ್ 2ರಂದು ಉತ್ತರ ಕನ್ನಡದ ಹೊನ್ನಾವರದಲ್ಲಿ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ಮುಂಬಯಿಯಲ್ಲಿ ವಕೀಲರಾಗಿ ಹೆಸರು ಗಳಿಸಿದ್ದ ಶಾಮರಾವ ವಿಠಲ ಕಾಯ್ಕಿಣಿಯವರು ಅವರಿಗೆ ಸೋದರಮಾವಂದಿರು. ಇಂದು ಉತ್ತರ ಕನ್ನಡದ ಮಕ್ಕಳು ರಾತ್ರಿ ರೈಲು ಹತ್ತಿ ಬೆಳಗಾಗುವುದರೊಳಗೆ ಮುಂಬಯಿಯನ್ನು ಕಾಣುತ್ತಾರೆ. ಆಗ ಆ ಅನುಕೂಲತೆ ಇರಲಿಲ್ಲ. ಕೊಂಕಣ ರೈಲ್ವೆಯು ಪೂರ್ಣಗೊಂಡು ಸಂಚಾರವು ತೊಡಗಿದ್ದು 1998ರಲ್ಲಿ. ವಿದ್ಯೆಯ ಹಂಬಲದಿಂದ ಅಷ್ಟು ದೂರ ಬಂದ ತರುಣನು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಅಲ್ಲಿಯೇ ದಕ್ಷಿಣಾ ಫೆಲೋ ಎನಿಸಿ, 1881ರಲ್ಲಿ ಕಾಯಿದೆಯ ಪದವಿಯನ್ನು ಸಂಪಾದಿಸಿದನು. ಇದರ ಜೊತೆಗೆ ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕತ್ವವನ್ನೂ ವಹಿಸಿಕೊಂಡು, ಲೋಕದ ಸುಖದುಃಖಗಳನ್ನು ಬರೆಹದಲ್ಲಿ ತೂಗಿನೋಡುವ ಅಭ್ಯಾಸವನ್ನು ಬೆಳೆಸಿಕೊಂಡನು.

1885ರಲ್ಲಿ ಇಂಗ್ಲೆಂಡಿನಲ್ಲಿ ಚುನಾವಣೆ ನಡೆಯಲಿದ್ದಾಗ, ಭಾರತದ ಅಹವಾಲನ್ನು ಅಲ್ಲಿಯ ಜನರ ಮುಂದಿಡಲು ಮೂವರು ಪ್ರತಿನಿಧಿಗಳನ್ನು ಕಳುಹಿಸಲಾಯಿತು. ಬಂಗಾಳದಿಂದ ಮನಮೋಹನ ಘೋಷ್, ಮದರಾಸಿನಿಂದ ಸೇಲಂ ರಾಮಸ್ವಾಮಿ ಮೊದಲಿಯಾರ್ ಹೋದರೆ, ಮುಂಬಯಿಯಿಂದ ಹೋದವರು ಮೂವತ್ತು ವರ್ಷವೂ ತುಂಬದ ಚಂದಾವರಕರರು. ಹದಿನೈದು ವರ್ಷಗಳ ತರುವಾಯ, 1900ರ ಲಾಹೋರ್ ಅಧಿವೇಶನದಲ್ಲಿ, ಅವರು ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1901ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶ ಪದವಿಯು ಅವರನ್ನು ಅರಸಿ ಬಂದಿತು. ಅದೇ ವರ್ಷ ಮಹಾದೇವ ಗೋವಿಂದ ರಾನಡೆಯವರು ಕಾಲವಾದುದರಿಂದ ಪ್ರಾರ್ಥನಾ ಸಮಾಜದ ನಾಯಕತ್ವವೂ ಅವರ ಹೆಗಲಿಗೆ ಬಿದ್ದಿತು. ಪೀಠವನ್ನೇರಿದ ಮೇಲೆ ಅವರು ರಾಜಕಾರಣದಿಂದ ದೂರ ಸರಿದರು. ಆದರೆ ಸಮಾಜಕಾರ್ಯದಿಂದ ಸರಿಯಲಿಲ್ಲ.

ಸಮಾಜ ಸುಧಾರಣೆಯು ಅವರಿಗೆ ಹೊಸದೇನೂ ಆಗಿರಲಿಲ್ಲ. ನಮ್ಮ ಪವಾಯಿಯ ಕೆರೆಯು ಮೈದಾಳಿದ ಕಾಲದಲ್ಲಿಯೇ, ಅಂದರೆ 1891ರಲ್ಲಿ, ಬಾಲೆಯರ ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾಯಿದೆಯು ಬಂದಾಗ, ಧರ್ಮಕ್ಕೆ ಕೈಹಾಕಿದರೆಂದು ದೊಡ್ಡ ಕೋಲಾಹಲವೆದ್ದಿತು. ಆಗ ಬಾಲೆಯರ ಪಕ್ಷವನ್ನು ಹಿಡಿದ ಕೆಲವರಲ್ಲಿ ಚಂದಾವರಕರರೂ ಒಬ್ಬರು. 1906ರ ಅಕ್ಟೋಬರದಲ್ಲಿ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರೆನಿಸಿದವರ ಏಳಿಗೆಗಾಗಿ ಇದೇ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದರ ಅಧ್ಯಕ್ಷತೆಯನ್ನು ವಹಿಸಿದವರು ಹೈಕೋರ್ಟಿನ ಈ ನ್ಯಾಯಾಧೀಶರು. ಪರಳದಲ್ಲಿ ಅದರ ಮೊದಲ ಶಾಲೆಯು ತೆರೆಯಿತು. ಆ ಮಕ್ಕಳ ನೆರಳನ್ನೂ ಸೋಕಗೊಡದ ಜನರು ತುಂಬಿದ್ದ ದಿನಗಳವು. ಕೋರ್ಟಿಗೆ ಬಂದವರಿಗೆ ಮಾತ್ರ ನ್ಯಾಯ ದೊರೆತರೆ ಸಾಲದು, ಕೋರ್ಟಿನ ಮೆಟ್ಟಿಲನ್ನು ಹತ್ತಲಾರದವರಿಗೂ ಅದು ದೊರೆಯಬೇಕೆಂಬುದನ್ನು ಅವರು ಈ ಕಾರ್ಯದಿಂದ ತೋರಿಸಿದರು. 1910ರಲ್ಲಿ ಅವರಿಗೆ ಸರ್ ಪದವಿಯು ಲಭಿಸಿತು. ಮುಂಬಯಿ ವಿಶ್ವವಿದ್ಯಾಲಯದ ಉಪಕುಲಪತಿಗಳೂ ಆಗಿದ್ದರು. 1913ರಲ್ಲಿ ನ್ಯಾಯಪೀಠವನ್ನು ಬಿಟ್ಟರು.

ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಬೆಳಕನ್ನಷ್ಟೇ ತೋರಿಸಿ ನೆರಳನ್ನು ಮರೆಮಾಡುವುದು ಶಿಕ್ಷಕರಾದ ನಮಗೆ ಉಚಿತವಲ್ಲ. ಮೊದಲನೆಯ ಮಹಾಯುದ್ಧದ ಕಾಲಕ್ಕೆ, ಭಾರತ ರಕ್ಷಣಾ ಕಾಯಿದೆಯ ಮೇರೆಗೆ ಬಂಗಾಳದಲ್ಲಿ ನೂರಾರು ತರುಣರನ್ನು ಬಹಿರಂಗ ವಿಚಾರಣೆಯಿಲ್ಲದೆ ಬಂಧನದಲ್ಲಿಡಲಾಗಿತ್ತು. ಅವರ ಪ್ರಕರಣಗಳನ್ನು ಪರಿಶೀಲಿಸಲು 1918ರಲ್ಲಿ ಸರಕಾರವು ನ್ಯಾಯಮೂರ್ತಿ ಬೀಚ್‌ಕ್ರಾಫ್ಟ್ ಮತ್ತು ಚಂದಾವರಕರರನ್ನು ನೇಮಿಸಿತು. ಅವರು 806 ಪ್ರಕರಣಗಳನ್ನು ನೋಡಿ, ಕೇವಲ ಆರು ಮಂದಿಯ ಬಿಡುಗಡೆಗೆ ಶಿಫಾರಸು ಮಾಡಿದರು. ಪರಳದ ಮಕ್ಕಳಿಗಾಗಿ ಮಿಡಿದ ಹೃದಯವು ಇಲ್ಲಿ ಸರಕಾರದ ಕಾಗದಪತ್ರಗಳನ್ನು ಅಷ್ಟೊಂದು ನಂಬಿತೇ ಎಂದು ನಾವು ಕೇಳಲೇಬೇಕಾಗುತ್ತದೆ. ಆರೋಪಿಯ ವಕೀಲನು ನಿಂತು ವಾದಿಸದಿದ್ದಲ್ಲಿ, ಸಾಕ್ಷಿಗೆ ಪಾಟೀಸವಾಲು ಹಾಕುವವರಿಲ್ಲದಲ್ಲಿ, ಎಷ್ಟೇ ವಿದ್ವಾಂಸನಾದ ನ್ಯಾಯಾಧೀಶನಿಗೂ ತಕ್ಕಡಿಯ ಒಂದೇ ತಟ್ಟೆಯು ಕಾಣಿಸುತ್ತದೆ. ನ್ಯಾಯಕ್ಕೆ ಒಳ್ಳೆಯ ಮನುಷ್ಯರು ಬೇಕು ನಿಜ. ಆದರೆ ಅವರಷ್ಟರಿಂದಲೇ ಸಾಲದು, ಒಳ್ಳೆಯ ಪದ್ಧತಿಯೂ ಬೇಕು. ಮಾನವ ಹಕ್ಕುಗಳ ಕಾಯಿದೆಗಳಿಗೂ ಆಯೋಗಗಳಿಗೂ ಇರುವ ಅಗತ್ಯವನ್ನು ಈ ಒಂದು ಸಂಗತಿಯೇ ನಮಗೆ ಮನಗಾಣಿಸುತ್ತದೆ.

ಆದರೆ ಅವರ ಕಥೆಯು ಅಲ್ಲಿಗೇ ನಿಲ್ಲಲಿಲ್ಲ. ಜಲಿಯನ್‌ವಾಲಾ ಬಾಗದ ಹತ್ಯಾಕಾಂಡವನ್ನು ಕುರಿತ ಹಂಟರ್ ಸಮಿತಿಯ ವರದಿಯನ್ನು ಪ್ರತಿಭಟಿಸಲು 1920ರಲ್ಲಿ ಮುಂಬಯಿಯಲ್ಲಿ ಸಾರ್ವಜನಿಕ ಸಭೆಯು ಸೇರಿದಾಗ, ಅದರ ಅಧ್ಯಕ್ಷಸ್ಥಾನದಲ್ಲಿದ್ದವರು ಚಂದಾವರಕರರು. ಠರಾವನ್ನು ಮಂಡಿಸಿದವರು ಮಹಾತ್ಮಾ ಗಾಂಧಿಯವರು. ಸರಕಾರದಿಂದ ಬಿರುದು ಪಡೆದು, ಸೌಮ್ಯ ಪಕ್ಷಕ್ಕೆ ಸೇರಿದ್ದ ವೃದ್ಧ ನ್ಯಾಯಾಧೀಶರು ನಿರಪರಾಧಿಗಳ ಹತ್ಯೆಯ ವಿಷಯದಲ್ಲಿ ಆ ಸರಕಾರದ ವಿರುದ್ಧ ನಿಂತುದು ಸಾಮಾನ್ಯವಾದ ಸಂಗತಿಯಲ್ಲ. 1921ರಲ್ಲಿ ಅವರು ಸುಧಾರಿತ ಮುಂಬಯಿ ವಿಧಾನ ಪರಿಷತ್ತಿನ ಮೊದಲ ಅಧ್ಯಕ್ಷರಾದರು. 1923ರ ಮೇ 14ರಂದು ಬೆಂಗಳೂರಿನಲ್ಲಿ ದೇಹವನ್ನಿಟ್ಟರು.

ಊರು ಬಿಟ್ಟು ಬಂದು ಪವಾಯಿಯ ಇಕ್ಕಟ್ಟಾದ ಮನೆಗಳಲ್ಲಿ ಬಾಳುವ ಕನ್ನಡಿಗರಾದ ನಮಗೆ, ಹೈಕೋರ್ಟಿನ ಗೋಪುರವು ಬಹು ದೂರದ್ದೆಂದು ತೋರುವುದು ಸಹಜ. ಹೊನ್ನಾವರದ ಬಾಲಕನಿಗೂ ಅದು ಹತ್ತಿರವಿರಲಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಒಂದು ದಿನ ಅಲ್ಲಿಯ ಪೀಠವನ್ನೇರಿದರೆ ನಮಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ. ಏರದಿದ್ದರೂ ಚಿಂತೆಯಿಲ್ಲ, ವರ್ಗದಲ್ಲಿ ಒಬ್ಬ ಗೆಳೆಯನ ಮೇಲೆ ದೂರು ಬಂದಾಗ, ತೀರ್ಮಾನ ಹೇಳುವ ಮುನ್ನ ಅವನ ಮಾತನ್ನೂ ಕೇಳುವ ಅಭ್ಯಾಸವನ್ನು ಅವರು ಇಂದಿನಿಂದಲೇ ರೂಢಿಸಿಕೊಳ್ಳಲಿ.