ಚಿತ್ರ ಬರೆದು ಮೆದುಳನ್ನು ತೋರಿಸಿದ ಕಹಾಲ್



ಚಿತ್ರ ಬರೆಯುವವರು ಬೇರೆ, ವಿಜ್ಞಾನಿಗಳು ಬೇರೆ ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ಆದರೆ ಚಿತ್ರ ಬರೆಯುವ ಕೈಯಿಂದಲೇ ವಿಜ್ಞಾನದ ಒಂದು ದೊಡ್ಡ ವಾದವನ್ನು ಗೆದ್ದವರು ಒಬ್ಬರಿದ್ದರು. ಅವರೇ ಸ್ಪೇನ್ ದೇಶದ ಸಾಂತಿಯಾಗೊ ರಮೋನ್ ಇ ಕಹಾಲ್. ಹೆಸರು ಉದ್ದವಾಯಿತು ಅಂತ ಹೆದರಬೇಡಿ. ಆ ದೇಶದಲ್ಲಿ ತಂದೆಯ ಮನೆತನದ ಹೆಸರು, ತಾಯಿಯ ಮನೆತನದ ಹೆಸರು ಎರಡನ್ನೂ ಇಟ್ಟುಕೊಳ್ತಾರೆ. ರಮೋನ್ ತಂದೆಯ ಕಡೆಯದು, ಕಹಾಲ್ ತಾಯಿಯ ಕಡೆಯದು. ನಾವು ಕಹಾಲ್ ಅಂತಲೇ ಕರೆಯೋಣ.

ಕಹಾಲ್ 1852ನೇ ಇಸವಿ ಮೇ 1ರಂದು ಪೆತಿಯಾ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಹುಸ್ತೊ ಬಡತನದಲ್ಲಿ ಬೆಳೆದು, ತುಂಬಾ ಕಷ್ಟಪಟ್ಟು ಓದಿ ವೈದ್ಯರಾದವರು. ಮಗನೂ ವೈದ್ಯನಾಗಬೇಕು ಅಂತ ಅವರ ಹಠ. ಆದರೆ ಹುಡುಗನಿಗೆ ಚಿತ್ರದ ಹುಚ್ಚು. ಸಿಕ್ಕ ಸಿಕ್ಕ ಗೋಡೆ, ಬಾಗಿಲು, ಕಾಗದದ ಮೇಲೆಲ್ಲ ಗೀಚುತ್ತಿದ್ದ. ಬಣ್ಣ ಕೊಳ್ಳಲು ದುಡ್ಡು ಕೊಡುವವರಿಲ್ಲ. ಅದಕ್ಕೇ ಗೋಡೆಯ ಬಣ್ಣ ಕೆರೆದು, ಬಣ್ಣದ ಕಾಗದವನ್ನು ನೀರಿನಲ್ಲಿ ನೆನೆಸಿ ತಾನೇ ಬಣ್ಣ ಮಾಡಿಕೊಳ್ಳುತ್ತಿದ್ದ.

ಚಿತ್ರ ಹೊಟ್ಟೆಗೆ ಹಿಟ್ಟು ಕೊಡಲ್ಲ ಅನ್ನುವುದು ತಂದೆಯ ಎಣಿಕೆ. ಒಂದು ದಿನ ಅವರು ಮಗ ಬರೆದ ಚಿತ್ರವನ್ನು ಹಿಡಿದುಕೊಂಡು, ಊರಿನ ಚರ್ಚಿನ ಗೋಡೆಗೆ ಸುಣ್ಣ ಬಣ್ಣ ಬಳಿಯಲು ಬಂದಿದ್ದವನ ಹತ್ತಿರ ಹೋದರು. ಅವನು ನೋಡಿ, ಇದೇನೂ ಚೆನ್ನಾಗಿಲ್ಲ, ಹುಡುಗನಿಗೆ ಕಲೆ ಬರಲ್ಲ ಅಂದುಬಿಟ್ಟ. ತಂದೆಗೆ ಅಷ್ಟೇ ಸಾಕಾಯಿತು. ಅಲ್ಲಿಂದ ಮನೆಯಲ್ಲಿ ಚಿತ್ರ ಬಂದ್!

ಚಿತ್ರ ನಿಂತರೂ ತುಂಟಾಟ ನಿಲ್ಲಲಿಲ್ಲ. 11 ವರ್ಷದವನಿದ್ದಾಗ ಮರದ ತುಂಡಿನಿಂದ ಫಿರಂಗಿ ಮಾಡಿ ಪಕ್ಕದ ಮನೆಯವರ ಗೇಟನ್ನೇ ಒಡೆದು ಹಾಕಿದ. ಅದಕ್ಕೆ ಕೆಲವು ದಿನ ಜೈಲೂ ಆಯಿತು. ಶಾಲೆಯಲ್ಲಿ ಪಾಠ ಬಾಯಿಪಾಠ ಮಾಡಲು ಆಗದೆ ಏಟು ತಿಂದ. ಬುದ್ಧಿ ಬರಲಿ ಅಂತ ತಂದೆ ಅವನನ್ನು ಒಮ್ಮೆ ಕ್ಷೌರಿಕರ ಹತ್ತಿರ, ಇನ್ನೊಮ್ಮೆ ಚಪ್ಪಲಿ ಹೊಲಿಯುವವರ ಹತ್ತಿರ ಕೆಲಸಕ್ಕೆ ಬಿಟ್ಟರು.

1868ರ ಬೇಸಿಗೆಯಲ್ಲಿ ತಂದೆ ಒಂದು ಉಪಾಯ ಮಾಡಿದರು. ಹಳೇ ಸ್ಮಶಾನದಿಂದ ಮೂಳೆಗಳನ್ನು ತಂದು ಮಗನಿಗೆ ದೇಹದ ರಚನೆ ಕಲಿಸಲು ಕೂತರು. ಹುಡುಗ ಏನು ಮಾಡಿದ ಗೊತ್ತೇ? ಒಂದೊಂದು ಮೂಳೆಯನ್ನೂ ತಿರುಗಿಸಿ ತಿರುಗಿಸಿ ನೋಡಿ ಚಿತ್ರ ಬರೆದ! ಬಾಯಿಪಾಠ ಬರದವನಿಗೆ ಬರೆದದ್ದೆಲ್ಲ ನೆನಪಿನಲ್ಲಿ ನಿಂತಿತು. ಮುಂದೆ ಅವನು ಬರೆದ ದೇಹರಚನೆಯ ಚಿತ್ರಗಳನ್ನು ನೋಡಿ ತಂದೆಯೇ ಹಿಗ್ಗಿದರು. ಅಚ್ಚು ಹಾಕಿಸಬೇಕು ಅಂತಲೂ ಆಸೆಪಟ್ಟರು. ಆ ಊರಿನ ಅಚ್ಚುಕೂಟದವರಿಂದ ಅದು ಆಗಲಿಲ್ಲ, ಅಷ್ಟೇ.

1873ರಲ್ಲಿ ಕಹಾಲ್ ವೈದ್ಯರಾದರು. ಮರುವರ್ಷ ಸೈನ್ಯದ ವೈದ್ಯರಾಗಿ ಕ್ಯೂಬಾ ದ್ವೀಪಕ್ಕೆ ಹೋದರು. ಅಲ್ಲಿ ಮಲೇರಿಯಾ ಹಿಡಿದು, ಬಡಕಲಾಗಿ 1875ರಲ್ಲಿ ವಾಪಸು ಬಂದರು. ಆ ಸಂಬಳದಲ್ಲಿ ಉಳಿದ ಹಣದಿಂದ ಕೊಂಡದ್ದು ಒಂದು ಸೂಕ್ಷ್ಮದರ್ಶಕ. 1885ರಲ್ಲಿ ವೆಲೆನ್ಸಿಯಾ ಪಟ್ಟಣದಲ್ಲಿ ಕಾಲರಾ ಬಂದಾಗ ಅದರ ಬಗ್ಗೆ ಸಂಶೋಧನೆ ಮಾಡಿದರು. ಅದಕ್ಕಾಗಿ ಸರಗೋಸಾ ಪ್ರಾಂತ್ಯದವರು ಅವರಿಗೆ ಹೊಸ, ಉತ್ತಮ ಸೂಕ್ಷ್ಮದರ್ಶಕವನ್ನು ಬಹುಮಾನ ಕೊಟ್ಟರು.

ಇನ್ನು ಆ ದೊಡ್ಡ ವಾದದ ವಿಷಯ. ದೇಹವೆಲ್ಲ ಜೀವಕೋಶಗಳಿಂದ ಆಗಿದೆ ಅಂತ ಆಗಲೇ ಗೊತ್ತಾಗಿತ್ತು. ಆದರೆ ಮೆದುಳು ಮಾತ್ರ ಹಾಗಲ್ಲ, ಅದರ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮೀನಿನ ಬಲೆಯ ಹಾಗೆ ಒಂದೇ ಆಗಿವೆ ಅಂತ ಬಹಳ ವಿಜ್ಞಾನಿಗಳು ಹೇಳ್ತಿದ್ದರು. ಕಣ್ಣಿಗೆ ಸರಿಯಾಗಿ ಕಂಡರೆ ತಾನೇ ಹೌದೋ ಅಲ್ಲವೋ ಹೇಳೋದು? 1873ರಲ್ಲಿ ಇಟಲಿಯ ಗಾಲ್ಜಿ ಎಂಬುವರು ಒಂದು ದಾರಿ ಕಂಡುಹಿಡಿದಿದ್ದರು. ಮೆದುಳಿನ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಸಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ಇಟ್ಟರೆ ಕೆಲವೇ ಕೆಲವು ಕೋಶಗಳು ಕಪ್ಪಾಗುತ್ತವೆ. ಉಳಿದವು ಹಾಗೇ ಇರುತ್ತವೆ. ಎಲ್ಲವೂ ಕಪ್ಪಾದರೆ ಮಸಿ ಚೆಲ್ಲಿದ ಹಾಗೆ ಏನೂ ಕಾಣಲ್ಲ. ಕೆಲವೇ ಕಪ್ಪಾಗುವುದರಿಂದ ಒಂದೊಂದು ಕೋಶವೂ ಬುಡದಿಂದ ತುದಿಯವರೆಗೆ ಕಾಣುತ್ತದೆ.

1887ರಲ್ಲಿ ಕಹಾಲ್ ಇದನ್ನು ಮೊದಲ ಸಲ ಚೆನ್ನಾಗಿ ನೋಡಿದರು. ಅವರು ಅದೇ ಕೆಲಸವನ್ನು ಎರಡೆರಡು ಸಲ ಮಾಡಿ ಬಣ್ಣ ಇನ್ನೂ ಸ್ಪಷ್ಟವಾಗಿ ಹಿಡಿಯುವಂತೆ ಮಾಡಿದರು. ಬೆಳೆದ ಪ್ರಾಣಿಗಳ ಬದಲು ಮೊಟ್ಟೆಯೊಳಗಿನ ಕೋಳಿಮರಿ, ಎಳೆಯ ಪ್ರಾಣಿಗಳ ಮೆದುಳನ್ನು ತೆಗೆದುಕೊಂಡರು. ಇದರ ಗುಟ್ಟು ನಮಗೂ ತಿಳಿಯುವಂಥದ್ದೇ. ಬೇಲಿ ಬೆಳೆದು ಹೆಣೆದುಕೊಂಡ ಮೇಲೆ ಯಾವ ಕೊಂಬೆ ಯಾವ ಗಿಡದ್ದು ಅಂತ ಹೇಳೋಕಾಗಲ್ಲ. ನೆಟ್ಟ ಹೊಸದರಲ್ಲಿ ನೋಡಿದರೆ ಒಂದೊಂದು ಗಿಡವೂ ಬೇರೆ ಬೇರೆ ಕಾಣುತ್ತೆ. ಹಾಗೆಯೇ ಕಹಾಲ್‌ಗೆ ಕಂಡಿತು. ಮೆದುಳು ಒಂದೇ ಬಲೆ ಅಲ್ಲ. ಒಂದೊಂದು ನರಕೋಶವೂ ಬೇರೆ ಬೇರೆ. ಪಕ್ಕದ್ದನ್ನು ಮುಟ್ಟುವಷ್ಟು ಹತ್ತಿರ ಹೋಗುತ್ತೆ, ಆದರೆ ಕೂಡಿಕೊಳ್ಳಲ್ಲ.

ಕಂಡದ್ದನ್ನು ಅವರು ಬರೆದರು. ಬೆಳಿಗ್ಗೆಯೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿ, ಆಮೇಲೆ ನೆನಪಿನಿಂದ ಪೆನ್ಸಿಲ್ಲು, ಮಸಿಯಲ್ಲಿ ಬರೆಯುತ್ತಿದ್ದರು. ಹತ್ತಾರು ಹೋಳುಗಳಲ್ಲಿ ಕಂಡದ್ದನ್ನು ಸೇರಿಸಿ ಒಂದು ಚಿತ್ರ ಮಾಡುತ್ತಿದ್ದರು. ಬೇಡವಾದದ್ದನ್ನು ಬಿಡುತ್ತಿದ್ದರು. ಅನುಮಸ್ತಿಷ್ಕದ ಒಂದು ಕೋಶದ ಚಿತ್ರ ನೋಡಿದರೆ ನೀರಿನಲ್ಲಿ ಕೊಳೆತು ನರ ಮಾತ್ರ ಉಳಿದ ಅರಳಿ ಎಲೆಯ ನೆನಪಾಗುತ್ತದೆ. ಕೆಲವು ಚಿತ್ರಗಳಲ್ಲಿ ಚಿಕ್ಕ ಚಿಕ್ಕ ಬಾಣದ ಗುರುತುಗಳಿವೆ. ನರದ ಸಂದೇಶ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತೆ ಅಂತ ತೋರಿಸಲು ಹಾಕಿದ ಬಾಣಗಳು ಅವು. ಸಂದೇಶ ಓಡುವುದು ಅವರ ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿರಲಿಲ್ಲ. ಕೋಶದ ಆಕಾರ ನೋಡಿ ಯೋಚಿಸಿ ಹಾಕಿದರು. ಅಂದರೆ ಅವರು ಬರೀ ನಕಲು ಮಾಡಲಿಲ್ಲ, ಬರೆಯುತ್ತಾ ಯೋಚನೆ ಮಾಡಿದರು.

ಮೊದಮೊದಲು ಯಾರೂ ಕಿವಿಗೊಡಲಿಲ್ಲ. ಕಹಾಲ್ 1888ರಲ್ಲಿ ತಮ್ಮ ಹಣದಿಂದಲೇ ಒಂದು ಪತ್ರಿಕೆ ಶುರು ಮಾಡಿ ಚಿತ್ರಗಳನ್ನು ಅಚ್ಚು ಹಾಕಿಸಿದರು. ಬರೀ 60 ಪ್ರತಿ! 1889ರಲ್ಲಿ ಜರ್ಮನಿಯ ಬರ್ಲಿನ್ನಿಗೆ ಹೋಗಿ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ತಮ್ಮ ಸ್ಲೈಡುಗಳನ್ನು ತೋರಿಸಿದರು. ಕೊಲಿಕರ್ ಎಂಬ ಹಿರಿಯ ವಿಜ್ಞಾನಿ ನೋಡಿ ಒಪ್ಪಿಕೊಂಡರು. 1906ರಲ್ಲಿ ಗಾಲ್ಜಿ, ಕಹಾಲ್ ಇಬ್ಬರಿಗೂ ಸೇರಿಸಿ ನೊಬೆಲ್ ಪ್ರಶಸ್ತಿ ಬಂತು. ತಮಾಷೆ ಏನೆಂದರೆ, ಬಣ್ಣದ ದಾರಿ ಕಂಡುಹಿಡಿದ ಗಾಲ್ಜಿಯವರು ಪ್ರಶಸ್ತಿಯ ಭಾಷಣದಲ್ಲೂ ಬಲೆಯ ವಾದವನ್ನೇ ಹಿಡಿದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ ನರಕೋಶಗಳ ನಡುವೆ ಸಣ್ಣ ಸಂದು ಇರುವುದು ಕಂಡಿತು. ಕಹಾಲ್ ಬರೆದದ್ದೇ ಸರಿಯಾಗಿತ್ತು. ಆದರೆ ಅದನ್ನು ನೋಡಲು ಅವರು ಇರಲಿಲ್ಲ. 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ 82ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಅವರು ಬರೆದ ಚಿತ್ರಗಳು ಸುಮಾರು 2,900. ಅಮೂರ್ತ ಚಿತ್ರ ಅಂತ ದೊಡ್ಡವರು ಹೇಳ್ತಾರಲ್ಲ, ಅಂದರೆ ಇದು ಇಂಥದ್ದೇ ವಸ್ತು ಅಂತ ಮೊದಲ ನೋಟಕ್ಕೆ ತಿಳಿಯದ ಚಿತ್ರ, ಕಹಾಲ್ ಚಿತ್ರಗಳೂ ಹಾಗೇ ಕಾಣುತ್ತವೆ. 2017ರಿಂದ ಅಮೆರಿಕದ ಹಲವು ಕಲಾ ಸಂಗ್ರಹಾಲಯಗಳಲ್ಲಿ ಅವರ ಸುಮಾರು 80 ಚಿತ್ರಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಸುಣ್ಣ ಬಳಿಯುವವನು ಬೇಡ ಅಂದ ಕೈಯ ಚಿತ್ರಗಳಿಗೆ ಕಲೆಯ ಮನೆಯಲ್ಲೇ ಜಾಗ ಸಿಕ್ಕಿತು ನೋಡಿ!

ಗೆಳೆಯರೇ, ವಿಜ್ಞಾನದ ನೋಟ್ಸಿನಲ್ಲಿ ಚಿತ್ರವನ್ನು ನಾವು ಅಂಕಕ್ಕೋಸ್ಕರ ಪುಸ್ತಕ ನೋಡಿ ಇಳಿಸುತ್ತೇವೆ. ಇನ್ನು ಮೇಲೆ ಒಂದು ದಾಸವಾಳ ಹೂವನ್ನೋ ಬೇರನ್ನೋ ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿ, ಪಕ್ಕಕ್ಕಿಟ್ಟು, ನೆನಪಿನಿಂದ ಬರೆದು ನೋಡೋಣ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ನಾವು ಸರಿಯಾಗಿ ನೋಡಿಲ್ಲ ಅಂತ ಅರ್ಥ. ಮತ್ತೆ ನೋಡಿದರಾಯಿತು.

— 7ನೇ ತರಗತಿ ವಿದ್ಯಾರ್ಥಿ